ಕಳ್ಳರಿಗೆ ಕ್ರಮಸಂಖ್ಯೆ

ಆಸ್ಟ್ರೇಲಿಯಾದ ಪ್ರಜೆಗೆ ಮತ ಹಾಕುವುದೂ ಬೇಡ, ಯಾಕೆ ಹಾಕಲಿಲ್ಲ ಎಂದು ಸರ್ಕಾರಕ್ಕೆ ಸಬೂಬು ಹೇಳುವುದೂ ಬೇಡ ಅನ್ನಿಸಿದರೆ ಅಂಟಾರ್ಕ್ಟಿಕಾಕ್ಕೆ ಹೊರಟುಹೋಗುವುದು ಒಳ್ಳೆಯದು. ತಮಾಷೆಗೆ ಹೇಳುತ್ತಿಲ್ಲ. ಅಲ್ಲಿನ ಸಂಶೋಧನಾ ಕೇಂದ್ರಗಳಲ್ಲಿ ಕೆಲಸ ಮಾಡುವವರು ಅಂಟಾರ್ಕ್ಟಿಕ್ ಮತದಾರರೆಂದು ಬೇರೆಯಾಗಿ ಹೆಸರು ಬರೆಸಿಕೊಳ್ಳಬಹುದು. ಅಷ್ಟು ದೂರದಿಂದ ಬರುವ ಮತದ ಗುಟ್ಟು ಕಾಯುವುದು ಕಷ್ಟವೆಂದು ಕಾನೂನು ಅವರಿಗೆ ಕಡ್ಡಾಯದಿಂದ ವಿನಾಯಿತಿ ಕೊಟ್ಟಿದೆ. ಪೆಂಗ್ವಿನ್‌ಗಳ ನೆರೆಹೊರೆ ಒಲ್ಲದ ನಾವೆಲ್ಲ ಚುನಾವಣೆ ಬಂದಾಗ ಮತಗಟ್ಟೆಗೆ ಹೋಗಲೇಬೇಕು. ಹೋಗದಿದ್ದರೆ ಕೆಲವು ವಾರಗಳಲ್ಲಿ ಚುನಾವಣಾ ಆಯೋಗದಿಂದ ಒಂದು ಕಾಗದ ಬರುತ್ತದೆ. ಬೈಗುಳವಿಲ್ಲ, ಬೆದರಿಕೆಯಿಲ್ಲ. ತಾವು ಮತ ಹಾಕಿದಂತೆ ಕಾಣುವುದಿಲ್ಲ, ಕಾರಣವೇನಾದರೂ ಇದ್ದರೆ ತಿಳಿಸಿ, ಇಲ್ಲವಾದರೆ 20 ಡಾಲರ್ ಕಟ್ಟಿ ಎನ್ನುವ ಅರ್ಥದ ವಿನಯ. ಸಿಡ್ನಿಯ ದರದಲ್ಲಿ ಅದು ಒಂದು ಮಸಾಲೆ ದೋಸೆ, ಒಂದು ಕಾಫಿಯ ದುಡ್ಡು. ನಮ್ಮ ನ್ಯೂ ಸೌತ್ ವೇಲ್ಸ್ ರಾಜ್ಯದ ಚುನಾವಣೆಯಾದರೆ 55 ಡಾಲರ್. ಮನೆಮಂದಿಯೆಲ್ಲ ಕೂತು ದೋಸೆ ತಿನ್ನಬಹುದು.

ದುಡ್ಡು ದೊಡ್ಡದಲ್ಲ. ಆದರೆ ದಂಡ ಎನ್ನುವುದು ಮಧ್ಯಮವರ್ಗದ ಕನ್ನಡಿಗನ ಮರ್ಮಕ್ಕೆ ತಾಗುತ್ತದೆ. ನೂರು ಡಾಲರ್ ಕೊಟ್ಟು ಬೇಡದ ಮಿಕ್ಸರ್ ಕೊಂಡೇವು, ಗ್ರಂಥಾಲಯಕ್ಕೆ ಪುಸ್ತಕ ತಡವಾಗಿ ಕೊಟ್ಟು ಒಂದು ಡಾಲರ್ ತೆತ್ತರೆ ಆ ರಾತ್ರಿ ನಿದ್ದೆ ಬರುವುದಿಲ್ಲ. ಈ ಮನುಷ್ಯಸ್ವಭಾವವನ್ನು ಇಲ್ಲಿನವರು ನೂರು ವರ್ಷ ಹಿಂದೆಯೇ ಕಂಡುಕೊಂಡಿದ್ದರು. 1922ರ ಚುನಾವಣೆಯಲ್ಲಿ ನೂರಕ್ಕೆ ಅರವತ್ತು ಜನ ಕೂಡ ಮತಗಟ್ಟೆಗೆ ಬರಲಿಲ್ಲ. 1924ರಲ್ಲಿ ಟಾಸ್ಮೇನಿಯಾದ ಹರ್ಬರ್ಟ್ ಪೇನ್ ಎಂಬ ಸೆನೆಟರು ಮತದಾನ ಕಡ್ಡಾಯ ಮಾಡುವ ಖಾಸಗಿ ಮಸೂದೆ ತಂದರು. ಸಂಸತ್ತಿನ ಎರಡು ಸದನಗಳಲ್ಲೂ ಅದು ಧ್ವನಿಮತದಿಂದಲೇ ಪಾಸಾಯಿತು. ಎಲ್ಲರೂ ಮತ ಹಾಕಬೇಕೆಂಬ ಕಾನೂನಿಗೆ ಮತ ಎಣಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಮರುವರ್ಷದ ಚುನಾವಣೆಯಲ್ಲಿ ಪ್ರಮಾಣ ಶೇ. 91 ದಾಟಿತು. ಆಮೇಲೆ ಸುಮಾರು ಒಂದು ಶತಮಾನ ಅದು ತೊಂಬತ್ತರಿಂದ ಕೆಳಗಿಳಿಯಲಿಲ್ಲ. 2022ರಲ್ಲಿ ಮೊದಲ ಸಲ ಕೂದಲೆಳೆಯಷ್ಟು ಕೆಳಗಿಳಿದಾಗ ಇಲ್ಲಿನವರು ಪ್ರಜಾಪ್ರಭುತ್ವದ ಆರೋಗ್ಯದ ಬಗ್ಗೆ ಗಾಬರಿಯಾದರು. ಬೆಂಗಳೂರಿನಲ್ಲಿ ಶೇ. 90 ಮತದಾನವಾದರೆ ಎಲ್ಲೋ ಅಕ್ರಮ ನಡೆದಿದೆಯೆಂದು ಮರುಮತದಾನಕ್ಕೆ ಆದೇಶ ಆಗಬಹುದು.

ಮತದಾರನಾಗುವ ಮೊದಲು ಇಲ್ಲಿ ಬಹಳ ಕಾಲ ಬರೀ ತೆರಿಗೆದಾರನಾಗಿದ್ದೆ. ಪಕ್ಕದ ನ್ಯೂಜಿಲೆಂಡಿನಲ್ಲಿ ಕಾಯಂ ನಿವಾಸಿಗಳಿಗೂ ಮತ ಕೊಡುತ್ತಾರೆ. ಇಲ್ಲಿ ಪೌರತ್ವ ಸಿಗುವವರೆಗೆ ಬಾಯಿ ಮುಚ್ಚಿಕೊಂಡಿರಬೇಕು. ವಲಸಿಗನ ಸ್ಥಿತಿಯೇ ಹಾಗೆ. ನೀವು ಎಲ್ಲಿಯವರು ಎಂದು ಟ್ಯಾಕ್ಸಿಯವನಿಂದ ದಂತವೈದ್ಯರವರೆಗೆ ಎಲ್ಲರೂ ಕೇಳುತ್ತಾರೆ, ಅದರಲ್ಲೂ ದಂತವೈದ್ಯರು ಬಾಯಿ ತೆರೆಸಿಟ್ಟು ಕೇಳುತ್ತಾರೆ. ನಮ್ಮ ಊರಿನ ರಸ್ತೆ ಹೀಗಿದೆಯಲ್ಲ, ನಿಮಗೆ ಏನನ್ನಿಸುತ್ತದೆ ಎಂದು ಯಾರೂ ಕೇಳುವುದಿಲ್ಲ. ಕೊನೆಗೆ ಪೌರತ್ವದ ದಿನ ಗೊತ್ತಾಯಿತು, ಅದೂ ಜನವರಿ 26. ಇಲ್ಲಿ ಅದು ಆಸ್ಟ್ರೇಲಿಯಾ ದಿನ. ಬೆಳಗ್ಗೆ ಎದ್ದು ಊರಿನವರಿಗೆಲ್ಲ ಗಣರಾಜ್ಯೋತ್ಸವದ ಶುಭಾಶಯ ಕಳಿಸಿ, ಮಧ್ಯಾಹ್ನದೊಳಗೆ ಪ್ರತಿಜ್ಞೆ ಮಾಡಿ ಬೇರೆ ದೇಶದವನಾದೆ. ಕತ್ತಿನಲ್ಲಿ ಸರ ಹಾಕಿಕೊಂಡ ಮೇಯರ್ ಕೈಕುಲುಕಿ ಒಂದು ಗಿಡ ಕೊಟ್ಟರು. ಚಹಾದ ಮೇಜಿನ ಪಕ್ಕದಲ್ಲಿಯೇ ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿ ಇಟ್ಟಿದ್ದರು. ಭಾರತದ ಪಾಸ್‌ಪೋರ್ಟ್ ಹಿಂದಿರುಗಿಸಬೇಕು. ಬದಲಿಗೆ ಸಿಗುವ ಓಸಿಐ ಕಾರ್ಡ್ ಹಿಡಿದು ಬದುಕಿರುವಷ್ಟು ದಿನ ಊರಿಗೆ ಹೋಗಿ ಬರಬಹುದು, ಹೊಲ ತೋಟ ಕೊಳ್ಳುವಂತಿಲ್ಲ, ಮತ ಹಾಕುವಂತಿಲ್ಲ. ಹೊಲ ಕೊಳ್ಳುವ ದುಡ್ಡು ಹೇಗೂ ಇರಲಿಲ್ಲ. ಮತ ಹೋದದ್ದು ಮಾತ್ರ, ಹೋದ ಮೇಲೆ, ಕಾಡತೊಡಗಿತು.

2025ರ ಮೇ 3ರ ಶನಿವಾರ ಇಲ್ಲಿ ಸಂಸತ್ ಚುನಾವಣೆ. ಜಯನಗರದಲ್ಲಿರುವ ನನ್ನ ಭಾವಮೈದುನ ಆಗ ನಮ್ಮ ಮನೆಗೆ ಬಂದಿದ್ದ. ರಾಜಕೀಯದ ಬಗ್ಗೆ ಅವನಷ್ಟು ತಿಳಿದವರನ್ನು ನಾನು ಕಂಡಿಲ್ಲ. ಮಲೆನಾಡಿನ ಯಾವ ಶಾಸಕ ಯಾವ ಮಠಕ್ಕೆ ಎಷ್ಟು ಹೊತ್ತಿಗೆ ಹೋದ ಎಂಬುದರಿಂದ ಹಿಡಿದು ಎಲ್ಲವೂ ಬಾಯಲ್ಲಿದೆ. ಮತ ಮಾತ್ರ ಹಾಕುವುದಿಲ್ಲ. 2024ರ ಲೋಕಸಭಾ ಚುನಾವಣೆ ಬೆಂಗಳೂರಿನಲ್ಲಿ ಏಪ್ರಿಲ್ 26ರ ಶುಕ್ರವಾರ ಬಂದಾಗ, ಮೂರು ದಿನ ಒಟ್ಟಿಗೆ ರಜೆ ಸಿಕ್ಕಿತೆಂದು ಸಕಲೇಶಪುರದ ಹೋಂಸ್ಟೇಗೆ ಹೋಗಿದ್ದ. ಅವನೊಬ್ಬನನ್ನೇ ಅಂದು ಏನು ಪ್ರಯೋಜನ? ಮಂಡ್ಯದಲ್ಲಿ ಶೇ. 80 ದಾಟಿದ ಮತದಾನ ಬೆಂಗಳೂರಿನ ಕ್ಷೇತ್ರಗಳಲ್ಲಿ ಅರ್ಧದ ಗೆರೆ ದಾಟಿ ಅಲ್ಲಿಯೇ ಕೂತುಬಿಟ್ಟಿತು. ಕೇಳಿದರೆ ಅವನದು ಸಿದ್ಧ ಉತ್ತರ: "ಎಲ್ಲರೂ ಕಳ್ಳರೇ ಭಾವ. ಯಾವ ಕಳ್ಳನಿಗೆ ಅಂತ ಹಾಕೋದು?"

"ಬಾ, ನಮ್ಮೂರ ಕಳ್ಳರನ್ನು ತೋರಿಸ್ತೀನಿ" ಎಂದು ಕರೆದುಕೊಂಡು ಹೋದೆ.

ನಮ್ಮದು ಸಿಡ್ನಿಯ ಪಶ್ಚಿಮದ ಬಡಾವಣೆ. ವೆಂಟ್‌ವರ್ತ್‌ವಿಲ್‌ನ ಅಂಗಡಿಗಳಲ್ಲಿ ರಾಗಿಹಿಟ್ಟು, ಕರಿಬೇವು ಎಲ್ಲ ಸಿಗುವ ಕಡೆ. ಮತಗಟ್ಟೆ ಇರುವುದು ಹತ್ತಿರದ ಶಾಲೆಯಲ್ಲಿ. ಬೇಲಿಯ ತುಂಬ ಪೋಸ್ಟರು, ಗೇಟಿನಲ್ಲಿ ಬಣ್ಣಬಣ್ಣದ ಟೀ ಶರ್ಟು ತೊಟ್ಟ ಕಾರ್ಯಕರ್ತರು. ಭಾರತದಲ್ಲಿ ಮತಗಟ್ಟೆಯ ನೂರು ಮೀಟರ್ ಒಳಗೆ ಪ್ರಚಾರ ಮಾಡುವಂತಿಲ್ಲ. ಇಲ್ಲಿ ಬಾಗಿಲಿನಿಂದ ಆರು ಮೀಟರ್ ಬಿಟ್ಟರೆ ಸಾಕು. ಯಾರಿಗೆ ಎಷ್ಟನೆಯ ನಂಬರ್ ಕೊಡಬೇಕೆಂದು ಅಚ್ಚು ಹಾಕಿಸಿದ ಕಾರ್ಡುಗಳನ್ನು ಎಲ್ಲ ಪಕ್ಷದವರೂ ಕೈಗೆ ತುರುಕುತ್ತಾರೆ. ಭಾವಮೈದುನ ಮತದಾರನಲ್ಲವೆಂದು ಅವರಿಗೇನು ಗೊತ್ತು? ಅವನೂ ಹೇಳಲಿಲ್ಲ. ಒಂದೊಂದು ಕಾರ್ಡನ್ನೂ ತಿರುಗಿಸಿ ಮುರುಗಿಸಿ ಓದಿ, ಕಾರ್ಯಕರ್ತರನ್ನು ನಿಲ್ಲಿಸಿಕೊಂಡು ಮನೆ ಬಾಡಿಗೆ, ರೈಲು, ಆಸ್ಪತ್ರೆಯ ಕಾಯುವ ಪಟ್ಟಿ ಎಲ್ಲದರ ಬಗ್ಗೆ ಪಾಟೀಸವಾಲು ಮಾಡಿದ. ಎದುರಾಳಿ ಪಕ್ಷಗಳ ಇಬ್ಬರು ಒಂದೇ ಕೊಡೆಯಡಿ ನಿಂತು ಒಂದೇ ಪೊಟ್ಟಣದ ಬಿಸ್ಕತ್ತು ತಿನ್ನುತ್ತಿದ್ದುದನ್ನು ನೋಡಿ, ಇದು ಒಳಒಪ್ಪಂದವೇ ಇರಬೇಕೆಂದು ನನ್ನ ಕಿವಿಯಲ್ಲಿ ಹೇಳಿದ.

ಅಂಗಳದಲ್ಲಿ ಸಾಸೇಜ್ ಸುಡುವ ಹೊಗೆ. ಮತದಾನದ ದಿನ ಶಾಲೆಯ ತಂದೆತಾಯಿಯರು ಒಲೆ ಹೂಡಿ ಬಿಳಿ ಬ್ರೆಡ್ಡಿನಲ್ಲಿ ಸುಟ್ಟ ಸಾಸೇಜ್ ಇಟ್ಟು ಮಾರುವುದು ಇಲ್ಲಿನ ಸಂಪ್ರದಾಯ. ಬಂದ ದುಡ್ಡು ಶಾಲೆಗೆ. ಡೆಮಾಕ್ರಸಿ ಸಾಸೇಜ್ ಎಂದೇ ಅದರ ಹೆಸರು. ಯಾವ ಮತಗಟ್ಟೆಯಲ್ಲಿ ಸಾಸೇಜ್ ಇದೆ, ಎಲ್ಲಿ ಬರೀ ಕೇಕು ಎಂದು ನಕ್ಷೆ ನೋಡಿಕೊಂಡು ಮತಗಟ್ಟೆ ಆರಿಸುವವರಿದ್ದಾರೆ. ಕ್ಷೇತ್ರದ ಯಾವ ಮತಗಟ್ಟೆಯಲ್ಲಾದರೂ ಮತ ಹಾಕಬಹುದಾದ್ದರಿಂದ ಈ ಸೌಕರ್ಯ. ಸಸ್ಯಾಹಾರಿಗಳಾದ ನಾವು ಬ್ರೆಡ್ಡಿನಲ್ಲಿ ಬರೀ ಹುರಿದ ಈರುಳ್ಳಿ ಹಾಕಿಸಿಕೊಂಡೆವು. ಬೆಂಗಳೂರಿನ ಕೆಲವು ಹೋಟೆಲಿನವರು ಮಸಿ ಬೆರಳು ತೋರಿಸಿದರೆ ದೋಸೆ ಪುಕ್ಕಟೆ ಕೊಟ್ಟಿದ್ದರು ಎಂದು ನೆನಪಿಸಿದೆ. "ಗೊತ್ತು, ಆದರೆ ಕ್ಯೂ ಬಹಳ ಇತ್ತಂತೆ" ಎಂದ. ಮತಗಟ್ಟೆಯ ಕ್ಯೂ ಅಲ್ಲ, ದೋಸೆಯದು.

ಅವನನ್ನು ಈರುಳ್ಳಿಯ ಜೊತೆ ಬಿಟ್ಟು ಒಳಗೆ ಹೋದೆ. ಇಲ್ಲಿ ಗುರುತಿನ ಚೀಟಿ ಕೇಳುವುದಿಲ್ಲ. ಪೂರ್ತಿ ಹೆಸರೇನು, ವಿಳಾಸವೇನು, ಈ ಚುನಾವಣೆಯಲ್ಲಿ ಈಗಾಗಲೇ ಮತ ಹಾಕಿದ್ದೀರಾ, ಮೂರೇ ಪ್ರಶ್ನೆ. ಮೂರನೆಯದಕ್ಕೆ ಇಲ್ಲ ಎಂದರೆ ನಂಬುತ್ತಾರೆ. ಮೈಸೂರು ಪೇಂಟ್ಸ್ ಕಾರ್ಖಾನೆಯ ಮಸಿಯನ್ನು 1962ರಿಂದ ಬೆರಳಿಗೆ ಬಳಿಸಿಕೊಂಡು ಬಂದ ವಂಶದವನು ನಾನು. ಮೊದಲ ಸಲ ಈ ಪ್ರಶ್ನೆ ಕೇಳಿದಾಗ ಸುಮ್ಮನೆ ಎಡಗೈ ಚಾಚಿದ್ದೆ. ಅಧಿಕಾರಿಣಿ ನನ್ನ ಬೆರಳನ್ನೂ ಮುಖವನ್ನೂ ನೋಡಿ, ಉಂಗುರ ಚೆನ್ನಾಗಿದೆ ಎಂದಿದ್ದರು. ರಟ್ಟಿನ ಮರೆ, ಒಂದು ಪೆನ್ಸಿಲ್ಲು. ಸರ್ಕಾರವೇ ಮತಪತ್ರ ಅಚ್ಚು ಮಾಡಿ, ಮರೆಯಲ್ಲಿ ಗುಟ್ಟಾಗಿ ಗುರುತು ಹಾಕಿಸುವ ಪದ್ಧತಿ 1856ರಲ್ಲಿ ಇಲ್ಲಿನ ವಿಕ್ಟೋರಿಯಾ, ಸೌತ್ ಆಸ್ಟ್ರೇಲಿಯಾಗಳಲ್ಲೇ ಶುರುವಾಗಿ ಆಮೇಲೆ ಲೋಕವೆಲ್ಲ ಹರಡಿದ್ದು. ಕೆಳಮನೆಯ ಮತಪತ್ರ ಚಿಕ್ಕದು. ಸೆನೆಟ್ಟಿನದು ಬಿಡಿಸಿ ಹಾಸಿದರೆ ಮದುವೆ ಮನೆಯ ಬಾಳೆಲೆ. ತುದಿ ಎಡಕ್ಕೆ ಬಂತೋ ಬಲಕ್ಕೆ ಬಂತೋ ನೋಡಿಕೊಂಡು ಕೂರಬೇಕು. 2013ರಲ್ಲಿ ನಮ್ಮ ರಾಜ್ಯದಲ್ಲಿ 110 ಅಭ್ಯರ್ಥಿಗಳು ನಿಂತು, ಕಾಗದ ಒಂದು ಮೀಟರ್ ಅಗಲವಾಗಿ, ಅಕ್ಷರ ಇರುವೆಯಷ್ಟಾಗಿ, ಆಯೋಗ ಓದಲು ಭೂತಗನ್ನಡಿ ಹಾಳೆಗಳನ್ನು ಹಂಚಿತ್ತು.

ಇನ್ನು ಕಳ್ಳರ ವಿಷಯ. ಇಲ್ಲಿ ಕೆಳಮನೆಗೆ ಒಬ್ಬರ ಹೆಸರಿನ ಮುಂದೆ ಗುರುತು ಹಾಕಿ ಬಂದರೆ ಸಾಲದು. ನಿಂತವರು ಎಂಟು ಜನವಾದರೆ ಎಂಟಕ್ಕೂ ನಂಬರ್ ಹಾಕಬೇಕು. ಕೊನೆಯದೊಂದು ಬಿಟ್ಟುಹೋದರೆ ಕ್ಷಮೆಯುಂಟು, ಎರಡು ಬಿಟ್ಟರೆ ಕುಲಗೆಟ್ಟಿತು. ಮೊದಲ ಎಣಿಕೆಯಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಕೊನೆಯವನನ್ನು ಕೈಬಿಟ್ಟು, ಅವನ ಮತಪತ್ರಗಳನ್ನು ಅದರಲ್ಲಿ ಎರಡನೆಯ ನಂಬರ್ ಇದ್ದವನಿಗೆ ಸೇರಿಸುತ್ತಾರೆ. ಯಾರೋ ಒಬ್ಬರು ಅರ್ಧ ದಾಟುವವರೆಗೆ ಹೀಗೇ. ಎಲ್ಲರೂ ಕಳ್ಳರೇ ಎನ್ನುವ ಸಿದ್ಧಾಂತ ಇಲ್ಲಿಯೂ ಇದೆ. ನನ್ನ ನೆರೆಮನೆಯ ಗ್ರೀಕ್ ಅಜ್ಜ ನನ್ನ ಭಾವಮೈದುನನಿಗಿಂತ ಜೋರಾಗಿ ಅದನ್ನು ಹೇಳುತ್ತಾನೆ. ವ್ಯತ್ಯಾಸವೆಂದರೆ ಅವನು ಶನಿವಾರ ಬೆಳಗ್ಗೆ ಟೋಪಿ ಹಾಕಿಕೊಂಡು ಹೋಗಿ, ಇವನು ಮೊದಲನೆಯ ಕಳ್ಳ, ಇವನು ಎರಡನೆಯ ಕಳ್ಳ, ಇವನಂತೂ ಎಂಟನೆಯ ಕಳ್ಳ ಎಂದು ಪೆನ್ಸಿಲಿನಲ್ಲಿ ಬರೆದುಕೊಟ್ಟು ಬರುತ್ತಾನೆ. ನೀವು ಎಲ್ಲರನ್ನೂ ಧಿಕ್ಕರಿಸಿಯೂ ಇಷ್ಟು ತೀರ್ಪು ಕೊಡಬಹುದು. ಅಸಹ್ಯವೂ ಒಂದು ಅಭಿಪ್ರಾಯ, ಅದಕ್ಕೂ ಕ್ರಮಸಂಖ್ಯೆ ಇದೆ. ಒಂದು ಎರಡು ಮೂರು ಎಂದು ಮೇಲಿನಿಂದ ಕೆಳಕ್ಕೆ ಕಣ್ಣುಮುಚ್ಚಿ ತುಂಬಿ ಬರುವವರೂ ಇದ್ದಾರೆ, ಖಾಲಿ ಕಾಗದ ಹಾಕುವವರೂ ಇದ್ದಾರೆ, ಅಭ್ಯರ್ಥಿಗಳ ಚಿತ್ರ ಬರೆಯುವ ಕಲಾವಿದರೂ ಇದ್ದಾರೆ. ಕುಲಗೆಟ್ಟ ಮತ ನೂರಕ್ಕೆ ಐದರ ಆಸುಪಾಸು. ಸುಮ್ಮನೆ ಮನೆಯಲ್ಲಿ ಬಿದ್ದಿರುವುದಕ್ಕೆ ವೈರಾಗ್ಯದ ಪೋಷಾಕು ಹಾಕುವುದು ಮಾತ್ರ ಕಷ್ಟ. ಸೋಮಾರಿತನದಲ್ಲಿ ಇವರು ನಮಗಿಂತ ಮೇಲೇನಲ್ಲ. ಶನಿವಾರ ಇಟ್ಟು, ಹತ್ತಿರದಲ್ಲಿಟ್ಟು, ಮುಂಚೆಯೇ ಹಾಕಲು ಸುಮಾರು ಎರಡು ವಾರ ಕೊಟ್ಟು, ತಿನ್ನಲು ಕೊಟ್ಟು, ಬೆನ್ನಿಗೆ ಸಣ್ಣ ಚಿವುಟು ಕೊಟ್ಟರೆ ಸೋಮಾರಿಯೂ ಎದ್ದು ಬರುತ್ತಾನೆ. ನಮ್ಮ ನಿರಾಸಕ್ತಿಗೆ ನಾವು ಕೊಡುವ ತಾತ್ವಿಕ ಕಾರಣಗಳಲ್ಲಿ ಮುಕ್ಕಾಲು ಪಾಲು ಸಕಲೇಶಪುರದ ಹೋಂಸ್ಟೇಗಳೇ ಎಂದು ನನಗೆ ಗಟ್ಟಿಯಾದದ್ದು ಈ ದೇಶಕ್ಕೆ ಬಂದ ಮೇಲೆ.

ನಮ್ಮ ಅಜ್ಜಿಗೆ ಯಾವ ಚಿವುಟೂ ಬೇಕಿರಲಿಲ್ಲ. ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ಚುನಾವಣೆಯ ದಿನ ಪೆಟ್ಟಿಗೆಯಿಂದ ಸೀರೆ ತೆಗೆದು ಉಟ್ಟು, ಒಂದು ಪಕ್ಷದವರ ಗಾಡಿಯಲ್ಲಿ ಹೋಗಿ ಇನ್ನೊಂದು ಪಕ್ಷದವರ ಗಾಡಿಯಲ್ಲಿ ವಾಪಸು ಬರುತ್ತಿದ್ದಳು. ಎಪ್ಪತ್ತರ ದಶಕದಲ್ಲಿ ಇಂದಿರಾ ಗಾಂಧಿಯವರ ಪಕ್ಷದ ಗುರುತು ಹಸು-ಕರು. ಗೋಡೆಯ ಮೇಲೆ ಬರೆದ ಹಸುವಿಗೆ ದಾರಿಯಲ್ಲಿ ಕೈಮುಗಿಯುತ್ತಿದ್ದಳು. ಹಾಗಾದರೆ ಮತ ಅದಕ್ಕೇ ಎಂದು ಆ ಪಕ್ಷದವರು ಹಿಗ್ಗಿದರೆ, "ಹಸುವಿಗೆ ಕೈಮುಗಿದೆ ಕಣಪ್ಪ, ಅದರ ಪಕ್ಕ ನಿಂತೋನಿಗಲ್ಲ" ಎಂದಳಂತೆ. ಯಾರಿಗೆ ಹಾಕಿದಳೆಂದು ತಾತನಿಗೂ ತಿಳಿಯಲಿಲ್ಲ. ಮನೆಯಲ್ಲಿ ಉಪ್ಪಿಟ್ಟೋ ಅವಲಕ್ಕಿಯೋ ಎಂಬುದನ್ನೂ ತಾತ ತೀರ್ಮಾನ ಮಾಡುತ್ತಿದ್ದ ಕಾಲದಲ್ಲಿ ಅವಳಿಗೆ ಸ್ವಂತದ್ದೆಂದು ಇದ್ದ ತೀರ್ಮಾನ ಅದೊಂದೇ. ಬಿಟ್ಟುಕೊಡುವುದುಂಟೆ?

ಮತ ಇಲ್ಲದವರಿಗೆ ಅದರ ಬೆಲೆ ಗೊತ್ತು. ಮನೆಗೆ ನಡೆದು ಬರುತ್ತ ಭಾವಮೈದುನನಿಗೆ ಹಳೆಯ ಕತೆ ಹೇಳಿದೆ. 1902ರಲ್ಲಿ ಈ ದೇಶ ಬಿಳಿಯ ಹೆಂಗಸರಿಗೆ ಮತ ಕೊಟ್ಟು ಲೋಕಕ್ಕೆ ಮೇಲ್ಪಂಕ್ತಿ ಹಾಕಿತು. ಅದೇ ಕಾನೂನಿನಲ್ಲಿ ಇಲ್ಲಿನ ಮೂಲನಿವಾಸಿಗಳನ್ನೂ ಏಷ್ಯಾ, ಆಫ್ರಿಕಾ, ಪೆಸಿಫಿಕ್ ದ್ವೀಪಗಳಲ್ಲಿ ಹುಟ್ಟಿದವರನ್ನೂ ಹೊರಗಿಟ್ಟಿತು. 1922ರಲ್ಲಿ ವಿ.ಎಸ್. ಶ್ರೀನಿವಾಸ ಶಾಸ್ತ್ರಿಗಳು ಇಲ್ಲಿಗೆ ಬಂದರು. ಡಿ.ವಿ.ಜಿ.ಯವರನ್ನು ಓದಿದ ಕನ್ನಡಿಗರಿಗೆ ಈ ಹೆಸರು ಹೊಸದಲ್ಲ. ಇಲ್ಲಿ ನೆಲೆಸಿದ ಭಾರತೀಯರಿಗೆ ಮತ ಕೊಡಿ ಎಂದು ಊರೂರು ತಿರುಗಿ ತಮ್ಮ ಸೊಗಸಾದ ಇಂಗ್ಲಿಷಿನಲ್ಲಿ ವಾದಿಸಿದರು. ಎರಡು ವರ್ಷದ ಮೇಲೆ ಮೆಲ್ಬರ್ನಿನಲ್ಲಿದ್ದ ಮಿತ್ತಾ ಬುಲ್ಲೋಶ್ ಎಂಬ ಭಾರತೀಯ ನ್ಯಾಯಾಲಯಕ್ಕೆ ಹೋಗಿ ಮತದ ಹಕ್ಕು ಗೆದ್ದುಕೊಂಡ. 1925ರಲ್ಲಿ ಸರ್ಕಾರ ಕಾನೂನು ತಿದ್ದಿ ಬ್ರಿಟಿಷ್ ಇಂಡಿಯಾದವರಿಗೆಲ್ಲ ಮತ ಕೊಟ್ಟಿತು. ಮತದಾನ ಕಡ್ಡಾಯವಾಗಿ ನಡೆದ ಮೊದಲ ಚುನಾವಣೆಯೂ ಅದೇ ವರ್ಷದ್ದು. ಅಂದರೆ, ನಿನಗೆ ಮತವಿಲ್ಲ ಎಂದು ಆವರೆಗೆ ಬಾಗಿಲು ಹಾಕಿದವರೇ, ಮತ ಹಾಕದಿದ್ದರೆ ಜೋಕೆ ಎಂದು ಬಾಗಿಲು ತೆರೆದರು. ಬುಲ್ಲೋಶನ ಮುಖ ಆಗ ಹೇಗಿದ್ದಿರಬಹುದು ಎಂದು ಯೋಚಿಸುತ್ತೇನೆ. ಹಕ್ಕಿಗಾಗಿ ಕಟಕಟೆ ಹತ್ತಿದವನಿಗೆ ಕರ್ತವ್ಯ ಭಾರವಾಗಿರಲಾರದು.

ಇಲ್ಲಿನದು ಪೂರಾ ಬಂಗಾರ ಎಂದು ಯಾರೂ ತಿಳಿಯಬೇಕಾಗಿಲ್ಲ. ಅರವತ್ತು ಸಾವಿರ ವರ್ಷಗಳಿಗೂ ಮುಂಚಿನಿಂದ ಈ ನೆಲದಲ್ಲಿರುವ ಮೂಲನಿವಾಸಿಗಳಿಗೆ ಸಂಸತ್ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಎಲ್ಲೆಡೆ ಸಿಕ್ಕಿದ್ದು 1962ರಲ್ಲಿ, ಬುಲ್ಲೋಶನಿಗಿಂತ 38 ವರ್ಷ ತಡವಾಗಿ. ಉಳಿದವರಂತೆ ಕಡ್ಡಾಯವಾದದ್ದು 1984ರಲ್ಲಿ. ಉತ್ತರದ ಲಿಂಗಿಯಾರಿ ಕ್ಷೇತ್ರದಲ್ಲಿ 2022ರಲ್ಲಿ ಮೂವರಲ್ಲಿ ಒಬ್ಬರು ಮತ ಹಾಕಿರಲಿಲ್ಲ. ಅಲ್ಲಿ ಹಳ್ಳಿಯಿಂದ ಹಳ್ಳಿಗೆ ನೂರಾರು ಕಿಲೋಮೀಟರು. ಮತಪೆಟ್ಟಿಗೆ ವಿಮಾನದಲ್ಲೋ ಜೀಪಿನಲ್ಲೋ ಬಂದು ಕೆಲವೇ ಗಂಟೆ ಇದ್ದು ಹೋಗುವ ಜಾಗಗಳಿವೆ. ಅವತ್ತು ನೀವು ಊರಲ್ಲಿಲ್ಲದಿದ್ದರೆ ಮುಗಿಯಿತು. ಇದನ್ನೂ ನಿರಾಸಕ್ತಿಯ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಹೋಂಸ್ಟೇಗೆ ಹೋದವನ ಗೈರುಹಾಜರಿಗೂ, ಪೆಟ್ಟಿಗೆಯೇ ಹತ್ತಿರ ಬಾರದವನ ಗೈರುಹಾಜರಿಗೂ ಕಾಗದದಲ್ಲಿ ಒಂದೇ ಅಂಕಿ. ಭಾರತದಲ್ಲೂ ಕಡ್ಡಾಯ ಮಾಡಿಬಿಡಬೇಕು ಎಂದು ಇಲ್ಲಿನ ನಮ್ಮವರು ಕೆಲವರು ಹಬ್ಬದೂಟದ ಪಂಕ್ತಿಯಲ್ಲಿ ಅಪ್ಪಣೆ ಕೊಡಿಸುವಾಗ ನಾನು ಪಾಯಸದ ಕಡೆ ನೋಡುತ್ತೇನೆ. ಗುಜರಾತು ಸ್ಥಳೀಯ ಚುನಾವಣೆಗೆ ಅಂಥ ಕಾನೂನು ಮಾಡಿತ್ತು. ಹೈಕೋರ್ಟು 2015ರಲ್ಲಿ ತಡೆ ಕೊಟ್ಟಿತು. ಸೂರತ್ತಿನ ಕಾರ್ಖಾನೆ ಬಿಟ್ಟು ಒಡಿಶಾದ ಊರಿಗೆ ಹೋಗಿ ಮತ ಹಾಕಿ ಬರಬೇಕಾದ ಕೂಲಿಯವನಿಗೆ ದಂಡದ ಕಾಗದ ಕಳಿಸುವ ಮೊದಲು ರೈಲಿನ ಟಿಕೇಟು ಕಳಿಸಬೇಕಾಗುತ್ತದೆ.

"ನನ್ನದೊಂದು ಮತದಿಂದ ಏನಾಗುತ್ತೆ ಭಾವ?" ಎನ್ನುವುದು ಅವನ ಕೊನೆಯ ಅಸ್ತ್ರ. 1919ರಲ್ಲಿ ಇಲ್ಲಿನ ಬ್ಯಾಲರಾಟ್ ಕ್ಷೇತ್ರದಲ್ಲಿ ಒಂದೇ ಮತದಲ್ಲಿ ಗೆಲುವು ಸೋಲು ತೀರ್ಮಾನವಾಗಿ, ಜಗಳ ಕೋರ್ಟಿಗೆ ಹೋಗಿ, ಮತ್ತೆ ಚುನಾವಣೆಯೇ ಮಾಡಬೇಕಾಯಿತು ಎಂದೆ. ಅದು ಎಲ್ಲಿಯದೋ ಎಂದ. ಸಂತೇಮರಹಳ್ಳಿ ಎಲ್ಲಿಯದು? 2004ರ ವಿಧಾನಸಭಾ ಚುನಾವಣೆಯಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿಯವರನ್ನು ಒಂದೇ ಮತದಿಂದ ಸೋಲಿಸಿದ್ದು ಅಲ್ಲೇ ಅಲ್ಲವೇ? 40,752 ಒಬ್ಬರಿಗೆ, 40,751 ಇನ್ನೊಬ್ಬರಿಗೆ. ಅಂಕಿ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಸೋತವರ ಕಾರಿನ ಡ್ರೈವರಿಗೇ ಅವತ್ತು ಮತ ಹಾಕಲು ಬಿಡುವು ಸಿಗಲಿಲ್ಲವಂತೆ ಎಂದು ಜನ ಆಡಿಕೊಳ್ಳುವ ಕತೆಯನ್ನು ಅವನೇ ನನಗೆ ಹೇಳಿದ. ಎಲ್ಲ ಗೊತ್ತು ಅವನಿಗೆ.

ಊರಿಗೆ ಹೋದ ಮೇಲೆ ಅವನಿಗೆ ನಮ್ಮ ಚುನಾವಣೆಯ ಹುಚ್ಚು ಬಿಡಲಿಲ್ಲ. ಸಿಡ್ನಿಯ ಉತ್ತರ ಭಾಗದ ಬ್ರಾಡ್‌ಫೀಲ್ಡ್ ಕ್ಷೇತ್ರದ ಎಣಿಕೆ ಆ ಸಲ ವಾರಗಟ್ಟಲೆ ಎಳೆಯಿತು. ಮೊದಲ ಎಣಿಕೆ ಮುಗಿದಾಗ ಒಬ್ಬರು 8 ಮತ ಮುಂದೆ, ಮರುಎಣಿಕೆಯಲ್ಲಿ ಇನ್ನೊಬ್ಬರು 26 ಮತದಿಂದ ಗೆದ್ದರು. ದಿನವೂ ಜಯನಗರದಿಂದ ಫೋನು: "ಎಷ್ಟಾಯ್ತು ಭಾವ?" ಆ ಕ್ಷೇತ್ರ ನಮ್ಮದಲ್ಲ, ಅವನದಂತೂ ಅಲ್ಲವೇ ಅಲ್ಲ. ನನ್ನ ಹೆಂಡತಿ, ತಮ್ಮನಿಗೆ ಇಲ್ಲಿಯ ಈರುಳ್ಳಿ ತಲೆಗೇರಿದೆ ಎಂದಳು.

ಜೂನ್ ಮುಗಿಯುವ ಹೊತ್ತಿಗೆ ಬಂದ ಫೋನು ಬೇರೆ ಥರದ್ದು. ಮತದಾರರ ಪಟ್ಟಿಯಲ್ಲಿ ಹೆಸರು ಹುಡುಕಿ, ತಪ್ಪಾಗಿದ್ದ ತಂದೆಯ ಹೆಸರು ತಿದ್ದಿಸಿ, ಇನ್ನು ಮೇಲೆ ಬೆಂಗಳೂರು ಪಾಲಿಕೆಯ ಚುನಾವಣೆಯಿಂದಲೇ ಶುರು ಮಾಡುತ್ತೇನೆ ಎಂದು ಹೊರಟಿದ್ದನಂತೆ. ವಿಚಾರಿಸಿದರೆ ಪಾಲಿಕೆಗೆ ಚುನಾವಣೆ ಕೊನೆಯದಾಗಿ ನಡೆದದ್ದು 2015ರಲ್ಲಿ. 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಮೇಲೆ ಆಡಳಿತಾಧಿಕಾರಿಗಳೇ ನೋಡಿಕೊಳ್ಳುತ್ತಿದ್ದರು.

"ನಮ್ಮ ವಾರ್ಡಿಗೆ ಕಾರ್ಪೊರೇಟರೇ ಇಲ್ಲವಂತೆ ಭಾವ! ಐದು ವರ್ಷ ಆಗ್ತಾ ಬಂತಂತೆ!"

"ಈಗ ಗೊತ್ತಾಯಿತೇನೋ?"

ಉತ್ತರ ಕೊಡಲಿಲ್ಲ. ಆದರೆ ಎದ್ದ ಉತ್ಸಾಹ ಎಲ್ಲಾದರೂ ಇಳಿಯಬೇಕಲ್ಲ, ಅವನ ಅಪಾರ್ಟ್‌ಮೆಂಟಿನ ಸಂಘದ ಮೇಲೆ ಇಳಿಯಿತು. ವರ್ಷವೂ ಕೈಯೆತ್ತಿಸಿ ಕಾರ್ಯದರ್ಶಿಯನ್ನು ಆರಿಸುವುದು ಸರಿಯಲ್ಲ, ಗುಟ್ಟಿನ ಮತಪತ್ರ ಬೇಕು, ಎಲ್ಲ ಹೆಸರಿಗೂ ನಂಬರ್ ಹಾಕಬೇಕು ಎಂದು ಸಭೆಯಲ್ಲಿ ಭಾಷಣ ಮಾಡಿ, ನನ್ನಿಂದ ಫೋನಿನಲ್ಲಿ ಎಣಿಕೆಯ ಕ್ರಮ ಬರೆದುಕೊಂಡು, ಮತಪತ್ರ ಅಚ್ಚು ಹಾಕಿಸಿ, ಮಗಳ ಪೆನ್ಸಿಲುಗಳನ್ನೆಲ್ಲ ಚೂಪು ಮಾಡಿ ಇಟ್ಟ. ಅಡುಗೆಯವರನ್ನು ಕರೆಸಿ ಈರುಳ್ಳಿ ಬಜ್ಜಿ ಹಾಕಿಸಿದ. ಎಂದೂ ಸಭೆಗೆ ತಲೆಹಾಕದ ಮನೆಗಳವರೂ ಬಂದರು. ಇಷ್ಟು ಮುತುವರ್ಜಿ ಇರುವವನು ಇನ್ಯಾರಿದ್ದಾನೆ ಎಂದು ಅವನ ಹೆಸರನ್ನೂ ಸೇರಿಸಿದರು. ಎರಡನೆಯ ಸುತ್ತಿನ ಎಣಿಕೆಗೆ ಹೋಗುವ ಪ್ರಮೇಯವೇ ಬರಲಿಲ್ಲ, ಮೊದಲ ಸುತ್ತಿನಲ್ಲೇ ಗೆದ್ದ. ಈಗ ನೀರಿನ ಟ್ಯಾಂಕರು ಬಾರದಿದ್ದರೆ ಅಷ್ಟೂ ಮನೆಯವರು ಬೆಳಗ್ಗೆ ಆರಕ್ಕೇ ಅವನ ಬಾಗಿಲು ಬಡಿಯುತ್ತಾರೆ. ಟ್ಯಾಂಕರಿನ ಬಿಲ್ಲು ಏಕೆ ಹೆಚ್ಚಾಯಿತೆಂದು ಮೂರನೆಯ ಮಹಡಿಯವರು ಲೆಕ್ಕ ಕೇಳುತ್ತಿದ್ದಾರಂತೆ, ಅದೂ ಒಂಥರಾ ನೋಡಿಕೊಂಡು.